ಎಸ್‌ಟಿಪಿ ಕಟ್ಟಿದ ಮೇಲೂ ಕೆರೆ ನಾರುವುದೇಕೆ?

ಬಯಲುಸೀಮೆಯ ಪಟ್ಟಣಗಳಿಂದ ಬರುವ ಕೊಳಚೆ ನೀರಿನ ಸುದ್ದಿ ಓದಿದರೆ ತಲೆಬುಡ ಅರ್ಥವಾಗುವುದಿಲ್ಲ. ಒಂದು ಕಡೆ ಒಳಚರಂಡಿ ಕಾಮಗಾರಿಗೆ ಭೂಮಿಪೂಜೆ. ಇನ್ನೊಂದು ಕಡೆ ಅದೇ ತಾಲ್ಲೂಕಿನ ರೈತರ ಧರಣಿ. ದೊಡ್ಡಬಳ್ಳಾಪುರದ ಪಕ್ಕದ ದೊಡ್ಡತುಮಕೂರು, ಮಜರಾಹೊಸಹಳ್ಳಿ ಪಂಚಾಯಿತಿಗಳ ಜನ ವರ್ಷಗಳಿಂದ ಹೋರಾಡುತ್ತಿದ್ದಾರೆ. ನಗರದ ಕೊಳಚೆ ಮತ್ತು ಕೈಗಾರಿಕೆಗಳ ನೀರು ನಮ್ಮ ಕೆರೆಗೆ ಬರುತ್ತಿದೆ, ಮೂರನೇ ಹಂತದ ಶುದ್ಧೀಕರಣ ಘಟಕ ಕಟ್ಟಿ ಅನ್ನುವುದು ಅವರ ಬೇಡಿಕೆ. ಪಕ್ಕದ ತಾಲ್ಲೂಕು ದೇವನಹಳ್ಳಿಯ ಹೆಸರು ಮಾತ್ರ ಬೇರೆ ಕಾರಣಕ್ಕೆ ಕೇಳಿಬರುತ್ತದೆ. ದೇಶದಲ್ಲೇ ಮೊದಲ ಬಾರಿಗೆ ಒಂದು ಇಡೀ ಪಟ್ಟಣದ ಪಿಟ್ಟಿನ ಮಲತ್ಯಾಜ್ಯಕ್ಕೆ ಸಂಸ್ಕರಣಾ ಘಟಕ ಕಟ್ಟಿದ ಊರು ಅದು.

ಇದರ ನಡುವೆ 2022ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಘನ ಮತ್ತು ದ್ರವ ತ್ಯಾಜ್ಯ ಸರಿಯಾಗಿ ನಿಭಾಯಿಸಿಲ್ಲ ಎಂದು ಕರ್ನಾಟಕ ಸರ್ಕಾರಕ್ಕೆ ₹2,900 ಕೋಟಿ ಪರಿಸರ ಪರಿಹಾರ ವಿಧಿಸಿತು. ಓದುಗರಿಗೆ ಬರುವ ಪ್ರಶ್ನೆ ಸಹಜವಾದದ್ದೇ. ಎಸ್‌ಟಿಪಿಗಳಿವೆ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕಗಳಿವೆ, ಯೋಜನೆಗಳಿವೆ, ದುಡ್ಡೂ ಬರುತ್ತಿದೆ. ಹಾಗಿದ್ದೂ ಕೆರೆ ಯಾಕೆ ನಾರುತ್ತದೆ?

ಉತ್ತರ ಘಟಕದ ಒಳಗೆ ಸಿಗುವುದು ಕಡಿಮೆ. ಮನೆಯ ಬಚ್ಚಲಿನಿಂದ ಘಟಕದವರೆಗಿನ ದಾರಿಯಲ್ಲಿ ಮತ್ತು ಪುರಸಭೆಯ ತಿಂಗಳ ಲೆಕ್ಕದಲ್ಲಿ ಸಿಗುವುದೇ ಜಾಸ್ತಿ.

ಮೂರು ಬೇರೆ ಬೇರೆ ನೀರು

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಪಟ್ಟಣದಿಂದ ಹೊರಬೀಳುವ ಕೊಳಕು ನೀರು ಒಂದೇ ಥರದ್ದಲ್ಲ. ಬಚ್ಚಲು, ಪಾತ್ರೆ, ಬಟ್ಟೆ ತೊಳೆದ ನೀರು ಒಂದು. ಶೌಚಾಲಯದ್ದು ಇನ್ನೊಂದು. ಬಣ್ಣದ ಘಟಕ, ಗ್ಯಾರೇಜು, ಕಾರ್ಖಾನೆಗಳದ್ದು ಮೂರನೆಯದು.

ಒಳಚರಂಡಿ ಇಲ್ಲದ ಊರಲ್ಲಿ ಇವು ಬೇರೆ ಬೇರೆ ದಾರಿ ಹಿಡಿಯುತ್ತವೆ. ಬಚ್ಚಲು ನೀರು ಬೀದಿಯ ತೆರೆದ ಚರಂಡಿಗೆ, ಅಲ್ಲಿಂದ ರಾಜಕಾಲುವೆಗೆ, ಕೊನೆಗೆ ಕೆರೆಗೆ. ಶೌಚಾಲಯದ್ದು ಮನೆ ಕೆಳಗಿನ ಪಿಟ್‌ಗೆ ಅಥವಾ ಸೆಪ್ಟಿಕ್ ಟ್ಯಾಂಕ್‌ಗೆ. ಅದು ತುಂಬಿದಾಗ ಸಕ್ಕಿಂಗ್ ಗಾಡಿ ಬಂದು ಎಳೆದುಕೊಂಡು ಹೋಗುತ್ತದೆ. ಎಲ್ಲಿಗೆ ಹೋಗುತ್ತದೆ ಎಂದು ಹೆಚ್ಚಿನ ಮನೆಯವರು ಕೇಳುವುದಿಲ್ಲ. ಬೆಂಗಳೂರಿನ ಸುತ್ತಮುತ್ತ ಅದು ಬಹುಕಾಲ ಹೋಗುತ್ತಿದ್ದದ್ದು ಖಾಲಿ ಜಾಗಕ್ಕೆ, ಇಲ್ಲವೇ ಹೊಲಕ್ಕೆ. ರೈತರು ದುಡ್ಡು ಕೊಟ್ಟು ಸುರಿಸಿಕೊಂಡು, ಒಣಗಿಸಿ, ಗೊಬ್ಬರವಾಗಿ ಬಳಸುತ್ತಿದ್ದರು. ಅದರಲ್ಲಿ ಬೆಳೆಗೆ ಬೇಕಾದ ಸಾರಜನಕ, ರಂಜಕ ನಿಜಕ್ಕೂ ಇವೆ. ಜೊತೆಗೆ ಜಂತುಹುಳುವಿನ ಮೊಟ್ಟೆಗಳೂ ಇರುತ್ತವೆ. ಅವು ಮಣ್ಣಿನಲ್ಲಿ ತಿಂಗಳುಗಟ್ಟಲೆ ಸಾಯುವುದಿಲ್ಲ.

ಒಳಚರಂಡಿ ಅಂದರೆ ಯುಜಿಡಿ ಬಂದರೆ ಮೊದಲ ಎರಡು ನೀರೂ ಒಂದೇ ಕೊಳವೆ ಸೇರುತ್ತವೆ. ಮೂರನೆಯದು ಸೇರಬಾರದು. ಆದರೆ ಸೇರುತ್ತದೆ. ಸಮಸ್ಯೆಯ ಅರ್ಧ ಇಲ್ಲೇ ಇದೆ, ಅದನ್ನು ಮುಂದೆ ನೋಡೋಣ.

ದೇವನಹಳ್ಳಿ ಮಾಡಿದ್ದೇನು

2011ರ ಜನಗಣತಿಯಲ್ಲಿ ದೇವನಹಳ್ಳಿಯ ಜನಸಂಖ್ಯೆ ಸುಮಾರು 28 ಸಾವಿರ. 2008ರಲ್ಲಿ ಪಕ್ಕದಲ್ಲೇ ವಿಮಾನ ನಿಲ್ದಾಣ ಬಂದು ಊರು ಬೆಳೆಯತೊಡಗಿತ್ತು. ಆದರೆ ಒಳಚರಂಡಿ ಇರಲಿಲ್ಲ. ಎಲ್ಲರ ಮನೆಯಲ್ಲೂ ಪಿಟ್ಟು, ಟ್ಯಾಂಕು. 2015ರಲ್ಲಿ ಪುರಸಭೆ ಸಿಡಿಡಿ ಸೊಸೈಟಿ ಎಂಬ ಸಂಸ್ಥೆಯ ನೆರವಿನಿಂದ ಒಂದು ಎಫ್‌ಎಸ್‌ಟಿಪಿ, ಅಂದರೆ ಮಲತ್ಯಾಜ್ಯ ಸಂಸ್ಕರಣಾ ಘಟಕ ಶುರುಮಾಡಿತು. ಸಾಮರ್ಥ್ಯ ದಿನಕ್ಕೆ 6 ಸಾವಿರ ಲೀಟರ್. ಸುಮಾರು ಎರಡು ಸಕ್ಕಿಂಗ್ ಗಾಡಿಯಷ್ಟು.

ಘಟಕದ ಕೆಲಸ ನೋಡಲು ಸರಳ. ಗಾಡಿ ಬಂದು ಪೈಪ್ ಜೋಡಿಸುತ್ತದೆ. ಮೊದಲು ಒಂದು ಜಾಲರಿ. ಬಟ್ಟೆ ಚೂರು, ಪ್ಲಾಸ್ಟಿಕ್, ಸ್ಯಾನಿಟರಿ ಪ್ಯಾಡ್ ಅಲ್ಲೇ ಸಿಕ್ಕಿಬೀಳುತ್ತವೆ. ಆಮೇಲೆ ಗಾಳಿಯಾಡದ ತೊಟ್ಟಿಗಳಲ್ಲಿ ಮಲ ಕೊಳೆಯುತ್ತದೆ, ಗ್ಯಾಸ್ ಬರುತ್ತದೆ, ಕೆಸರು ತಳ ಸೇರುತ್ತದೆ. ಆ ಕೆಸರನ್ನು ಮರಳು, ಜಲ್ಲಿ ಹಾಸಿದ ಕಟ್ಟೆಗಳ ಮೇಲೆ ಬಿಟ್ಟು ಬಿಸಿಲಿಗೆ ಒಣಗಿಸುತ್ತಾರೆ. ಸೋಸಿ ಇಳಿದ ನೀರು ಬೇರೆ ತೊಟ್ಟಿಗಳನ್ನು ದಾಟಿ, ಕೊನೆಗೆ ಜೊಂಡಿನಂಥ ಗಿಡ ನೆಟ್ಟ ಜಲ್ಲಿ ಹಾಸಿನ ಮೂಲಕ ಹೊರಬರುತ್ತದೆ. ಎಲ್ಲವೂ ಇಳಿಜಾರಿನ ಬಲದಿಂದ ನಡೆಯುವುದರಿಂದ ದೊಡ್ಡ ಮೋಟಾರು, ಗಾಳಿ ಊದುವ ಬ್ಲೋವರ್‌ಗಳ ಕಾಟ ಇಲ್ಲ. ಒಣಗಿದ ಕೆಸರನ್ನು ಊರಿನ ಹಸಿ ಕಸದ ಜೊತೆ ಸೇರಿಸಿ ಕಾಂಪೋಸ್ಟ್ ಮಾಡುತ್ತಾರೆ. ರಾಶಿಯೊಳಗಿನ ಬಿಸಿ ಹಲವು ದಿನ 55 ಡಿಗ್ರಿಗಿಂತ ಮೇಲಿದ್ದರೆ ಜಂತುಹುಳುವಿನ ಮೊಟ್ಟೆ ಸಾಯುತ್ತದೆ. ಆ ಗೊಬ್ಬರ ರೈತರಿಗೆ ಹೋಗುತ್ತದೆ.

ಇದು ಮಾದರಿಯಾಯಿತು. 2017ರಲ್ಲಿ ಕೇಂದ್ರ ಸರ್ಕಾರ ಮಲತ್ಯಾಜ್ಯ ನಿರ್ವಹಣೆಗೆಂದೇ ರಾಷ್ಟ್ರೀಯ ನೀತಿ ತಂದಿತು. ಒಡಿಶಾದಂಥ ರಾಜ್ಯ ಪಟ್ಟಣದಿಂದ ಪಟ್ಟಣಕ್ಕೆ ಇಂಥ ಘಟಕ ಕಟ್ಟುತ್ತಾ ಹೋಯಿತು.

ಆದರೆ ಇಲ್ಲೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಎಫ್‌ಎಸ್‌ಟಿಪಿ ಇಡೀ ಊರಿನ ಕೊಳಚೆಯನ್ನು ಶುದ್ಧ ಮಾಡುವುದಿಲ್ಲ. ಅದು ಪಿಟ್ಟಿನ ಕೆಸರಿಗೆ ಮಾತ್ರ. 6 ಸಾವಿರ ಲೀಟರ್ ಎಲ್ಲಿ, 28 ಸಾವಿರ ಜನ ದಿನಾ ಬಳಸಿ ಬಿಡುವ ಲಕ್ಷಾಂತರ ಲೀಟರ್ ಬಚ್ಚಲು ನೀರು ಎಲ್ಲಿ! ಆ ನೀರಿಗೆ ಈ ಘಟಕದಲ್ಲಿ ಜಾಗವಿಲ್ಲ. ಹಾಗಂತ ಎಫ್‌ಎಸ್‌ಟಿಪಿ ಸುಮ್ನೆ ಕಟ್ಟಿದ್ದು ಅಂತಲ್ಲ. ಪಿಟ್ಟಿನ ಕೆಸರು ಪ್ರಮಾಣದಲ್ಲಿ ಕಡಿಮೆ, ಅಪಾಯದಲ್ಲಿ ಬಹಳ ಜಾಸ್ತಿ. ಸಾಮಾನ್ಯ ಚರಂಡಿ ನೀರಿಗಿಂತ ಹತ್ತಾರು ಪಟ್ಟು ಗಾಢ. ಕಡಿಮೆ ಖರ್ಚಿನಲ್ಲಿ ಮೊದಲು ಅದನ್ನು ಹಿಡಿದದ್ದು ಸರಿಯಾದ ಲೆಕ್ಕಾಚಾರ. ತಪ್ಪಾಗುವುದು ಯಾವಾಗ ಅಂದರೆ, ಇದೊಂದನ್ನೇ ತೋರಿಸಿ ಊರಿನ ಕೊಳಚೆ ಸಮಸ್ಯೆ ಮುಗಿಯಿತು ಎಂದು ವರದಿ ಬರೆದಾಗ.

ಒಳಚರಂಡಿ ಇದ್ದರೂ ನೀರು ಬರುವುದಿಲ್ಲ

ಈಗ ಒಳಚರಂಡಿಯ ದಾರಿ ನೋಡೋಣ. ಇಲ್ಲೊಂದು ಲೆಕ್ಕ ಮಾಡಿದರೆ ವಿಷಯ ತಿಳಿಯಾಗುತ್ತದೆ.

ಒಳಚರಂಡಿ ಇರುವ ಪಟ್ಟಣದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಪೂರೈಸಬೇಕು ಅನ್ನುವುದು ಕೇಂದ್ರದ ಮಾನದಂಡ. ಅದರಲ್ಲಿ ಶೇ 80ರಷ್ಟು ಕೊಳಚೆಯಾಗಿ ವಾಪಸ್ ಬರುತ್ತದೆ ಎಂದು ಇಂಜಿನಿಯರ್‌ಗಳು ಹಿಡಿಯುತ್ತಾರೆ. 30 ಸಾವಿರ ಜನರ ಊರಿಗೆ ದಿನಕ್ಕೆ ಸುಮಾರು 32 ಲಕ್ಷ ಲೀಟರ್, ಅಂದರೆ 3.2 ಎಂಎಲ್‌ಡಿ (ಒಂದು ಎಂಎಲ್‌ಡಿ ಅಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್). ಘಟಕವನ್ನು ಅಷ್ಟಕ್ಕೆ, ಮುಂದಿನ ಜನಸಂಖ್ಯೆ ನೋಡಿದರೆ ಇನ್ನೂ ದೊಡ್ಡದಾಗಿ, ಕಟ್ಟುತ್ತಾರೆ.

ಆದರೆ ಬಯಲುಸೀಮೆಯ ಪಟ್ಟಣದಲ್ಲಿ ನಲ್ಲಿ ನೀರು ದಿನಾ ಬರುತ್ತದೆಯೇ? ಅನೇಕ ಊರುಗಳಲ್ಲಿ ಮೂರು ದಿನಕ್ಕೊಮ್ಮೆ, ವಾರಕ್ಕೊಮ್ಮೆ. ಕೊಳವೆಬಾವಿ, ಟ್ಯಾಂಕರ್ ಸೇರಿಸಿ ಜನಕ್ಕೆ 70 ಲೀಟರ್ ಸಿಕ್ಕಿತು ಎಂದಿಟ್ಟುಕೊಳ್ಳಿ. ಕೊಳಚೆ 17 ಲಕ್ಷ ಲೀಟರ್‌ಗೆ ಇಳಿಯಿತು. ಊರಿನ ಅರ್ಧ ಮನೆಗಳು ಮಾತ್ರ ಒಳಚರಂಡಿಗೆ ಸೇರಿವೆ ಎಂದುಕೊಳ್ಳಿ. ಘಟಕಕ್ಕೆ ತಲುಪುವುದು ಸುಮಾರು 8 ಲಕ್ಷ ಲೀಟರ್. ಕಟ್ಟಿದ್ದರ ಕಾಲುಭಾಗ.

ಇದು ಬರೀ ಊಹೆಯ ಲೆಕ್ಕವಾದರೂ ದೇಶದ ಚಿತ್ರ ಇದಕ್ಕೆ ದೂರವಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2021ರಲ್ಲಿ ಪ್ರಕಟಿಸಿದ ಅಂಕಿಅಂಶದಂತೆ, ಭಾರತದ ನಗರ ಪಟ್ಟಣಗಳಲ್ಲಿ 72,368 ಎಂಎಲ್‌ಡಿ ಕೊಳಚೆ ಹುಟ್ಟುತ್ತದೆ. ಕಟ್ಟಿರುವ ಘಟಕಗಳ ಸಾಮರ್ಥ್ಯ 31,841 ಎಂಎಲ್‌ಡಿ. ನಿಜಕ್ಕೂ ಶುದ್ಧೀಕರಣವಾಗುವುದು 20,235 ಎಂಎಲ್‌ಡಿ. ಸಾಮರ್ಥ್ಯವೇ ಅರ್ಧಕ್ಕಿಂತ ಕಡಿಮೆ, ಆ ಸಾಮರ್ಥ್ಯದ ಮೂರನೇ ಒಂದು ಭಾಗ ಖಾಲಿ ಕೂತಿದೆ.

ಮನೆಗಳು ಯಾಕೆ ಸೇರುವುದಿಲ್ಲ? ಹಳೇ ಪೇಟೆಯ ಒಂದು ಉದ್ದನೆಯ ಮನೆ ಕಣ್ಮುಂದೆ ತಂದುಕೊಳ್ಳಿ. ಮುಂದೆ ಅಂಗಡಿ, ನಡುವೆ ಪಡಸಾಲೆ, ಅಡುಗೆಮನೆ, ತೀರಾ ಹಿಂದೆ ಶೌಚಾಲಯ. ಅದರ ಕೆಳಗೆ ಪಿಟ್ಟು. ಯುಜಿಡಿ ಚೇಂಬರ್ ಇರುವುದು ಮುಂದಿನ ಬೀದಿಯಲ್ಲಿ. ಅಲ್ಲಿಗೆ ಪೈಪ್ ತರಬೇಕೆಂದರೆ ಹಿಂದಿನಿಂದ ಮುಂದಿನವರೆಗೆ ಇಡೀ ಮನೆಯ ನೆಲ ಒಡೆಯಬೇಕು. ಆ ಖರ್ಚು ಮನೆಯವರದ್ದು. ಅಷ್ಟರಲ್ಲಿ ಬೀದಿಗೆ ಎರಡು ಸಲ ಕಾಂಕ್ರೀಟ್ ಹಾಕಿ ರಸ್ತೆ ಮನೆಯ ಹೊಸಿಲಿಗಿಂತ ಮೇಲೆ ಬಂದಿರುತ್ತದೆ. ಕೊಳಚೆ ಹತ್ತುವುದಿಲ್ಲ, ಇಳಿಯಬೇಕು. ಪಿಟ್ಟು ಹೇಗೂ ಕೆಲಸ ಮಾಡುತ್ತಿದೆ. ಹಾಗಾಗಿ ಮನೆಯವರು ಆಮೇಲೆ ನೋಡೋಣ ಅನ್ನುತ್ತಾರೆ. ಬಾಡಿಗೆ ಮನೆಯಾದರೆ ಆ ಆಮೇಲೆ ಬರುವುದೇ ಇಲ್ಲ.

ನೀರು ಕಡಿಮೆಯಾದರೆ ಇನ್ನೂ ಎರಡು ಕಡೆ ಪೆಟ್ಟು ಬೀಳುತ್ತದೆ.

ಒಂದು, ಕೊಳವೆಯೊಳಗೆ. ಕೊಳಚೆ ಸೆಕೆಂಡಿಗೆ ಸುಮಾರು 0.6 ಮೀಟರ್ ವೇಗದಲ್ಲಾದರೂ ಹರಿದರೆ ಮಣ್ಣು, ಮರಳು ತಳ ಸೇರದೆ ಮುಂದೆ ಹೋಗುತ್ತದೆ. ನೀರು ಸಾಲದಿದ್ದರೆ ವೇಗವಿಲ್ಲ. ಹೂಳು ಕೂರುತ್ತದೆ. ಮ್ಯಾನ್‌ಹೋಲ್ ಕಟ್ಟಿಕೊಂಡು ಬೀದಿಗೆ ಉಕ್ಕುತ್ತದೆ. ಒತ್ತಡದ ನೀರು ಹಾಯಿಸಿ ಕೊಳವೆ ಬಿಡಿಸುವ ಜೆಟ್ಟಿಂಗ್ ಯಂತ್ರ ಇಲ್ಲದ, ಇದ್ದರೂ ಕೆಟ್ಟು ನಿಂತ ಊರಲ್ಲಿ ಯಾರನ್ನೋ ಒಳಗೆ ಇಳಿಸುತ್ತಾರೆ. ಸುರಕ್ಷತಾ ಸಾಧನವಿಲ್ಲದೆ ಹೀಗೆ ಇಳಿಸುವುದನ್ನು 2013ರ ಕಾನೂನು ಸ್ಪಷ್ಟವಾಗಿ ನಿಷೇಧಿಸಿದೆ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥ ಸಾವಿನ ಪರಿಹಾರವನ್ನು ₹10 ಲಕ್ಷದಿಂದ ₹30 ಲಕ್ಷಕ್ಕೆ ಏರಿಸಿತು. ಒಬ್ಬ ಕಾರ್ಮಿಕ ಗುಂಡಿಯಲ್ಲಿ ಉಸಿರುಗಟ್ಟಿ ಸಾಯುವುದರ ಹಿಂದೆ ಇಷ್ಟು ಉದ್ದದ ಕಾರಣಗಳ ಸಾಲು ಇರುತ್ತದೆ. ಅದನ್ನು ಬರೀ ಗುತ್ತಿಗೆದಾರನ ನಿರ್ಲಕ್ಷ್ಯ ಎಂದು ಮುಗಿಸಿಬಿಡುವುದು ಸರಿಯಲ್ಲ. ನೀರು ಪೂರೈಕೆಯ ಯೋಜನೆ ಇಲ್ಲದೆ ಒಳಚರಂಡಿಗೆ ಸಹಿ ಹಾಕಿದವರಿಗೂ ಅದರಲ್ಲಿ ಪಾಲಿದೆ.

ಇನ್ನೊಂದು ಪೆಟ್ಟು ಘಟಕದೊಳಗೆ. ಎಸ್‌ಟಿಪಿಯಲ್ಲಿ ನಿಜವಾದ ಕೆಲಸ ಮಾಡುವುದು ಬ್ಯಾಕ್ಟೀರಿಯಾ. ಹಸುವಿಗೆ ಹೊತ್ತಿಗೆ ಸರಿಯಾಗಿ ಮೇವು, ನೀರು ಬೇಕಿರುವಂತೆ ಅವಕ್ಕೂ ದಿನಾ ಒಂದೇ ಅಳತೆಯ ಕೊಳಚೆ, ನಿರಂತರ ಗಾಳಿ ಬೇಕು. ಒಂದು ದಿನ ತುಂಬಿ ಹರಿದು ಮರುದಿನ ಒಣಗಿದರೆ ಅವು ಸಾಯುತ್ತವೆ. ಕಾಲುಭಾಗ ನೀರು ಬಂದರೂ ಬ್ಲೋವರ್ ಓಡಿಸಲೇಬೇಕು, ಕರೆಂಟ್ ಬಿಲ್ ಬಂದೇ ಬರುತ್ತದೆ. ಉಳಿಸೋಣ ಎಂದು ರಾತ್ರಿ ಆಫ್ ಮಾಡಿದರೆ ಬೆಳಗ್ಗೆ ತೊಟ್ಟಿ ನಾರುತ್ತದೆ. ಮತ್ತೆ ಬ್ಯಾಕ್ಟೀರಿಯಾ ಬೆಳೆಸಲು ವಾರಗಳೇ ಬೇಕು.

ಕಟ್ಟುವವರು ಒಬ್ಬರು, ನಡೆಸುವವರು ಇನ್ನೊಬ್ಬರು

ಬೆಂಗಳೂರು ಬಿಟ್ಟು ಉಳಿದ ನಗರ ಪಟ್ಟಣಗಳಲ್ಲಿ ಈ ಕಾಮಗಾರಿ ಮಾಡಿಸುವುದು ಮುಖ್ಯವಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ದುಡ್ಡು ಕೇಂದ್ರ, ರಾಜ್ಯದ ಯೋಜನೆಗಳಿಂದ ಬರುತ್ತದೆ. ಮುಗಿದ ಮೇಲೆ ಪುರಸಭೆಗೆ ಒಪ್ಪಿಸುತ್ತಾರೆ. ಅಲ್ಲಿಂದ ಮುಂದೆ ವೆಟ್‌ವೆಲ್ (ಕೊಳಚೆ ಕೂಡಿಟ್ಟು ಮೇಲೆತ್ತುವ ಬಾವಿ) ಪಂಪಿನ ಕರೆಂಟ್ ಬಿಲ್, ಆಪರೇಟರ್ ಸಂಬಳ, ಲ್ಯಾಬ್ ಪರೀಕ್ಷೆ, ಸುಟ್ಟ ಮೋಟಾರಿನ ರಿಪೇರಿ ಎಲ್ಲಾ ಪುರಸಭೆಯ ತಲೆಗೆ. ಸಣ್ಣ ಪುರಸಭೆಯ ಸ್ವಂತ ಆದಾಯ ಅಂದರೆ ಆಸ್ತಿ ತೆರಿಗೆ, ಮಳಿಗೆ ಬಾಡಿಗೆ, ನೀರಿನ ಶುಲ್ಕ. ಪೌರಕಾರ್ಮಿಕರ ಸಂಬಳ, ಬೀದಿದೀಪ, ಕಸದ ಗಾಡಿ ಮೊದಲು. ಎಸ್‌ಟಿಪಿ ಕೊನೆಗೆ, ಏಕೆಂದರೆ ಅದು ನಿಂತರೆ ಊರೊಳಗಿನ ಯಾರಿಗೂ ಗೊತ್ತಾಗುವುದಿಲ್ಲ.

2021ರ ಅಕ್ಟೋಬರ್ 1ರಂದು ಶುರುವಾದ ಸ್ವಚ್ಛ ಭಾರತ್ ಮಿಷನ್ ನಗರ 2.0 ಮೊದಲ ಬಾರಿಗೆ ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಪಟ್ಟಣಗಳ ಬಳಸಿದ ನೀರಿಗೆಂದೇ ಹಣ ಇಟ್ಟಿತು. ಅದರ ದಾರಿಯೂ ಸ್ವಲ್ಪ ಬೇರೆ. ಮನೆಮನೆಗೆ ಕೊಳವೆ ಹಾಕುವ ಬದಲು ಚರಂಡಿ, ರಾಜಕಾಲುವೆ ಕೆರೆ ಸೇರುವ ಜಾಗದಲ್ಲೇ ಕೊಳಚೆಯನ್ನು ತಡೆದು ತಿರುಗಿಸಿ ಘಟಕಕ್ಕೆ ಒಯ್ಯುವುದು. ಬೇಗ ಆಗುತ್ತದೆ, ಮನೆ ಒಡೆಯಬೇಕಿಲ್ಲ, ಖರ್ಚೂ ಕಡಿಮೆ. ತೊಂದರೆ ಏನೆಂದರೆ ಊರೊಳಗಿನ ತೆರೆದ ಚರಂಡಿ ಹಾಗೇ ಇರುತ್ತದೆ, ಸೊಳ್ಳೆಯೂ ಇರುತ್ತದೆ. ಜೋರು ಮಳೆ ಬಂದ ದಿನ ಮಳೆನೀರು, ಕೊಳಚೆ ಎರಡೂ ಸೇರಿ ಘಟಕ ತಡೆಯದೆ ನೇರ ಕೆರೆಗೆ ಹೋಗುತ್ತದೆ.

ಇಷ್ಟೆಲ್ಲ ಇದ್ದರೂ ಸಣ್ಣ ಪಟ್ಟಣಕ್ಕೆ ಇದೇ ವಾಸಿ. ಪಿಟ್ಟಿನ ಕೆಸರಿಗೆ ಎಫ್‌ಎಸ್‌ಟಿಪಿ, ಚರಂಡಿ ನೀರಿಗೆ ತಡೆದು ತಿರುಗಿಸುವ ವ್ಯವಸ್ಥೆ. ಎರಡೂ ಜೊತೆಗೆ ಇದ್ದರೆ, ಅರ್ಧ ಮನೆ ಸೇರಿದ ಯುಜಿಡಿಗಿಂತ ಕೆರೆಗೆ ಹೆಚ್ಚು ಒಳ್ಳೆಯದಾಗುತ್ತದೆ.

ಎರಡನೇ ಹಂತವೋ, ಮೂರನೇ ಹಂತವೋ

ದೊಡ್ಡಬಳ್ಳಾಪುರದಲ್ಲಿ, ಕೋಲಾರದಲ್ಲಿ, ಚಿಕ್ಕಬಳ್ಳಾಪುರದಲ್ಲಿ ಮತ್ತೆ ಮತ್ತೆ ಕೇಳುವ ಜಗಳ ಇದು. ಹಂತ ಅಂದರೇನು?

ಮೊದಲ ಹಂತದಲ್ಲಿ ಕಸ, ಮರಳು, ತಳ ಸೇರುವ ಕೆಸರು ಬೇರ್ಪಡುತ್ತವೆ. ಎರಡನೇ ಹಂತದಲ್ಲಿ ಬ್ಯಾಕ್ಟೀರಿಯಾ ನೀರಿನಲ್ಲಿ ಕರಗಿದ ಕೊಳೆಯನ್ನು ತಿನ್ನುತ್ತವೆ. ಅಳೆಯುವ ಮಾಪನ ಬಿಒಡಿ, ಅಂದರೆ ಆ ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಕ್ಕೆ ಬೇಕಾಗುವ ಆಮ್ಲಜನಕದ ಪ್ರಮಾಣ. ಹಸಿ ಕೊಳಚೆಯಲ್ಲಿ ಅದು ಲೀಟರ್‌ಗೆ 200 ಮಿಲಿಗ್ರಾಂ ಆಚೀಚೆ ಅಥವಾ ಇನ್ನೂ ಜಾಸ್ತಿ ಇರುತ್ತದೆ. 2017ರ ಕೇಂದ್ರದ ಅಧಿಸೂಚನೆ ಮಹಾನಗರಗಳಿಗೆ 20, ಉಳಿದ ಊರುಗಳಿಗೆ 30ರ ಮಿತಿ ಇಟ್ಟಿತು. ಸಣ್ಣ ಊರಿಗೆ ಸಡಿಲ ನಿಯಮ ಯಾಕೆ, ಅಲ್ಲಿಯ ಕೆರೆ ಕೆರೆಯಲ್ವಾ ಅನ್ನುವ ಪ್ರಶ್ನೆ ಎದ್ದಿತು. 2019ರ ಏಪ್ರಿಲ್‌ನಲ್ಲಿ ಹಸಿರು ನ್ಯಾಯಮಂಡಳಿ ಎಲ್ಲರಿಗೂ 10ರ ಮಿತಿ ಹೇಳಿತು. ಹೀಗೆ ಎರಡು ಅಳತೆಗೋಲು ಓಡಾಡುತ್ತಿರುವುದರಿಂದಲೇ ಅಧಿಕಾರಿಗಳು ನೀರು ಮಿತಿಯೊಳಗಿದೆ ಅನ್ನುವುದೂ, ಹೋರಾಟಗಾರರು ಮಿತಿ ಮೀರಿದೆ ಅನ್ನುವುದೂ ಒಟ್ಟಿಗೇ ಕೇಳಿಸಬಹುದು.

ಮೂರನೇ ಹಂತದಲ್ಲಿ ಮರಳು ಸೋಸುವಿಕೆ, ಸಾರಜನಕ ಮತ್ತು ರಂಜಕ ತೆಗೆಯುವುದು, ಕ್ಲೋರಿನ್ ಅಥವಾ ಅತಿನೇರಳೆ ಕಿರಣದಿಂದ ರೋಗಾಣು ಕೊಲ್ಲುವುದು ಬರುತ್ತವೆ. ಎರಡನೇ ಹಂತ ದಾಟಿದ ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತದೆ. ಆದರೆ ಅದರಲ್ಲಿ ಸಾರಜನಕ, ರಂಜಕ ಉಳಿದಿರುತ್ತವೆ. ಕೆರೆ ಸೇರಿದ ಮೇಲೆ ಪಾಚಿ, ಅಂತರಗಂಗೆಗೆ ಅದೇ ಗೊಬ್ಬರ. ನೈಟ್ರೇಟ್ ಅಂತರ್ಜಲಕ್ಕೂ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರ್‌ಗೆ 45 ಮಿಲಿಗ್ರಾಂ ದಾಟಬಾರದು.

ಸರ್ಕಾರದ ವಾದ: ಕೆರೆ ತುಂಬಿಸಿ ಅಂತರ್ಜಲ ಏರಿಸಲು ಎರಡನೇ ಹಂತ ಸಾಕು, ಮಣ್ಣು ಉಳಿದದ್ದನ್ನು ಸೋಸುತ್ತದೆ, ಮೂರನೇ ಹಂತಕ್ಕೆ ದುಡ್ಡು ಸುರಿದರೆ ಯೋಜನೆಯೇ ಆಗುವುದಿಲ್ಲ. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಬೆಂಗಳೂರಿನ ನೀರನ್ನು ಕೋಲಾರಕ್ಕೆ ಒಯ್ಯುವ 440 ಎಂಎಲ್‌ಡಿಯ ಕೆಸಿ ವ್ಯಾಲಿ ಯೋಜನೆ 2018ರಲ್ಲಿ ಶುರುವಾದ ಮೇಲೆ ಬತ್ತಿದ್ದ ಕೆರೆಗಳು ತುಂಬಿದವು, ಕೊಳವೆಬಾವಿಗಳಲ್ಲಿ ನೀರು ಏರಿತು. ಹೋರಾಟಗಾರರ ಆತಂಕವೂ ಗಾಳಿಮಾತಲ್ಲ. ಅದೇ ವರ್ಷ ಜುಲೈನಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು. ಹೈಕೋರ್ಟ್ ತಡೆ ಕೊಟ್ಟಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಡೆ ಕೊಟ್ಟು ಆಮೇಲೆ ತೆರವುಗೊಳಿಸಿತು.

ಆದರೆ ದೊಡ್ಡಬಳ್ಳಾಪುರದ ವಿಷಯ ಕೋಲಾರದ್ದಕ್ಕಿಂತ ಬೇರೆ. ಇಲ್ಲಿ ಮಗ್ಗಗಳ ಊರು ಇದೆ, ಬಣ್ಣ ಹಾಕುವ ಕೆಲಸ ಇದೆ, ಬಾಶೆಟ್ಟಿಹಳ್ಳಿಯ ಕೈಗಾರಿಕಾ ಪ್ರದೇಶ ಇದೆ. ರಾಸಾಯನಿಕ, ಭಾರಲೋಹ ಕೊಳಚೆಯ ಜೊತೆ ಬೆರೆತರೆ ಮೊದಲು ಸಾಯುವುದು ಎರಡನೇ ಹಂತದ ಬ್ಯಾಕ್ಟೀರಿಯಾವೇ. ಮೂರನೇ ಹಂತದ ಮರಳು, ಕ್ಲೋರಿನ್ ಕೂಡ ಭಾರಲೋಹಕ್ಕೆ ಮದ್ದಲ್ಲ. ಮನೆ ಕೊಳಚೆಗೆಂದು ಕಟ್ಟಿದ ಘಟಕ ಎಷ್ಟೇ ಹಂತದ್ದಾದರೂ ಕಾರ್ಖಾನೆ ನೀರಿಗೆ ಸಾಲುವುದಿಲ್ಲ. ಅದನ್ನು ಕಾರ್ಖಾನೆಯ ಬಾಗಿಲಲ್ಲೇ ಹಿಡಿಯಬೇಕು.

ಹಾಗಾಗಿ ಮೂರನೇ ಹಂತ ಬೇಕು ಅನ್ನುವ ಬೇಡಿಕೆ ನ್ಯಾಯವಾದದ್ದೇ, ಆದರೆ ಅದೊಂದೇ ಸಾಲದು. ರಾಜಕಾಲುವೆಗೆ ರಾತ್ರಿ ಹೊತ್ತು ಯಾರು ಏನು ಬಿಡುತ್ತಿದ್ದಾರೆ ಎಂದು ಮಾಲಿನ್ಯ ನಿಯಂತ್ರಣ ಮಂಡಳಿ ಹಿಡಿಯದಿದ್ದರೆ ಹೊಸ ಘಟಕವೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಇದನ್ನು ಹೋರಾಟದ ವೇದಿಕೆಯಲ್ಲೂ ಅಷ್ಟೇ ಗಟ್ಟಿಯಾಗಿ ಹೇಳಬೇಕಾಗಿದೆ.

ಕೊಳಚೆ ಪಟ್ಟಣದ್ದು, ವಾಸನೆ ಹಳ್ಳಿಯದ್ದು

ನೀರು ಇಳಿಜಾರಿಗೆ ಹರಿಯುತ್ತದೆ. ಪಟ್ಟಣದ ತಗ್ಗು ಜಾಗ ಸಾಮಾನ್ಯವಾಗಿ ಪಟ್ಟಣದ ಗಡಿಯ ಆಚೆ, ಯಾವುದೋ ಹಳ್ಳಿಯ ಕೆರೆಯಂಗಳದಲ್ಲಿ ಇರುತ್ತದೆ. ಎಸ್‌ಟಿಪಿ ಬರುವುದೂ ಅಲ್ಲಿಗೇ. ಕೊಳಚೆ ನಗರಸಭೆಯದ್ದು, ಕೆರೆ ಗ್ರಾಮ ಪಂಚಾಯಿತಿಯದ್ದು. ನಗರಸಭೆ ಸದಸ್ಯರಿಗೆ ಮತ ಹಾಕುವವರು ವಾಸನೆ ಕುಡಿಯುವುದಿಲ್ಲ, ವಾಸನೆ ಕುಡಿಯುವವರಿಗೆ ಅಲ್ಲಿ ಮತವಿಲ್ಲ. ದೂರು ಕೊಟ್ಟರೆ ನಗರಸಭೆ, ಒಳಚರಂಡಿ ಮಂಡಳಿ, ಸಣ್ಣ ನೀರಾವರಿ ಇಲಾಖೆ, ಮಾಲಿನ್ಯ ನಿಯಂತ್ರಣ ಮಂಡಳಿ ಹೀಗೆ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಹೊಸ ಘಟಕಕ್ಕೆ ಜಾಗ ಕೇಳಿದಾಗ ಹಳ್ಳಿಯವರು ಬೇಡ ಅನ್ನುವುದಕ್ಕೆ ಅಭಿವೃದ್ಧಿ ವಿರೋಧಿಗಳು ಎಂಬ ಹಣೆಪಟ್ಟಿ ಹಚ್ಚುತ್ತಾರೆ. ಹಳೇ ಘಟಕ ಹೇಗೆ ನಡೆದಿದೆ ಎಂದು ನೋಡಿದವರು ಹೊಸದನ್ನು ನಂಬುವುದು ಹೇಗೆ?

ಈ ನೀರು ಹಳ್ಳಿಗೇ ನಿಲ್ಲುವುದೂ ಇಲ್ಲ. ದೊಡ್ಡಬಳ್ಳಾಪುರದ ಕೆರೆಗಳ ಸಾಲು ಅರ್ಕಾವತಿಯದ್ದು. ನಂದಿಬೆಟ್ಟದಲ್ಲಿ ಹುಟ್ಟುವ ಈ ನದಿ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ದಾಟಿ ಕನಕಪುರದ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಬೆಂಗಳೂರಿಗೆ ಕೊಳವೆ ನೀರು ಮೊದಲು ಬಂದದ್ದು ಈ ಹೆಸರಘಟ್ಟದಿಂದಲೇ, 1890ರ ದಶಕದಲ್ಲಿ. ತಿಪ್ಪಗೊಂಡನಹಳ್ಳಿಗೆ ಮತ್ತೆ ನೀರು ತುಂಬಿಸಿ ಬೆಂಗಳೂರಿಗೆ ಕೊಡುವ ಮಾತು ನಡೆದೇ ಇದೆ. ಮೇಲಿನ ಪಟ್ಟಣಗಳ ಕೊಳಚೆ ಸರಿಯಾಗದೆ ಅದು ಹೇಗೆ ಸಾಧ್ಯ?

ಮುಂದೇನಾಗಬಹುದು

ದೇವನಹಳ್ಳಿಯಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಬೆಂಗಳೂರಿನ ಶುದ್ಧೀಕರಿಸಿದ ನೀರನ್ನು ಒಯ್ಯುವ ಎಚ್‌ಎನ್ ವ್ಯಾಲಿ ಯೋಜನೆಯಿಂದ ಊರಿನ ಸಿಹಿನೀರು ಕೆರೆಗೆ ನೀರು ಬಂತು. ಕೆರೆ ತುಂಬಿದ ಮೇಲೆ ಪಕ್ಕದ ಹಳೇ ತೆರೆದ ಬಾವಿಗೆ ಜೀವ ಬಂತು. ಆ ಬಾವಿಯ ನೀರನ್ನು ಮತ್ತೆ ಶುದ್ಧ ಮಾಡಿ ಊರಿಗೆ ಕೊಡುವ ವ್ಯವಸ್ಥೆಯೂ ಆಯಿತು. ಅಂದರೆ ಬೆಂಗಳೂರಿನವರು ಬಳಸಿ ಬಿಟ್ಟ ನೀರು ಕೆರೆ, ಮಣ್ಣು, ಬಾವಿ ದಾಟಿ ದೇವನಹಳ್ಳಿಯ ಕೊಡ ಸೇರುತ್ತಿದೆ. ನೀರಿನ ಬರದಲ್ಲಿ ಇದು ದೊಡ್ಡ ಆಸರೆ. ಜೊತೆಗೆ ಜವಾಬ್ದಾರಿಯೂ ದೊಡ್ಡದು. ಕೆರೆಗೆ ಬರುವ ನೀರು, ಬಾವಿಯ ನೀರು, ನಲ್ಲಿಯ ನೀರು, ಮೂರರ ಪರೀಕ್ಷೆಯೂ ನಿಯಮಿತವಾಗಿ ನಡೆಯಬೇಕು, ಫಲಿತಾಂಶ ಜನರಿಗೆ ಕಾಣಬೇಕು. ಬಯಲುಸೀಮೆಯ ಬೇರೆ ಪಟ್ಟಣಗಳೂ ಇದೇ ದಾರಿಗೆ ಬರಲಿವೆ. ಎತ್ತಿನಹೊಳೆಯ ನೀರು ಎಷ್ಟು ಬಂದರೂ, ಸಾವಿರ ಅಡಿ ಕೊರೆದರೂ ಸಾಲದ ಊರುಗಳಿಗೆ ಬಳಸಿದ ನೀರೇ ಹತ್ತಿರದ, ನಂಬಬಹುದಾದ ಮೂಲ.

ರಾಜ್ಯ ಸರ್ಕಾರ 2017ರಲ್ಲೇ ನಗರಗಳ ತ್ಯಾಜ್ಯ ನೀರಿನ ಮರುಬಳಕೆಗೆ ನೀತಿ ತಂದಿದೆ. ಕೈಗಾರಿಕೆಗಳು ಅಂತರ್ಜಲದ ಬದಲು ಶುದ್ಧೀಕರಿಸಿದ ನೀರು ಕೊಂಡರೆ ಪುರಸಭೆಗೆ ಆದಾಯ ಬರುತ್ತದೆ, ಘಟಕದ ಬಿಲ್ ಕಟ್ಟಲು ದಾರಿಯಾಗುತ್ತದೆ. ದೇವನಹಳ್ಳಿ, ದೊಡ್ಡಬಳ್ಳಾಪುರದ ಸುತ್ತ ಕೊಳ್ಳುವವರಿಗೆ ಕೊರತೆ ಇಲ್ಲ. ಒಳನಾಡಿನ ಸಣ್ಣ ಪಟ್ಟಣದ ಪಕ್ಕ ಅಂಥ ಕಾರ್ಖಾನೆ ಇರುವುದಿಲ್ಲ. ಅಲ್ಲಿ ಕೊಳ್ಳಬಹುದಾದವರು ರೈತರು, ಅವರು ಈಗಾಗಲೇ ಹಸಿ ಕೊಳಚೆಯನ್ನೇ ಪುಕ್ಕಟೆಯಾಗಿ ಎತ್ತಿ ಹಿಪ್ಪುನೇರಳೆ, ಸೀಮೆಹುಲ್ಲು, ಸೊಪ್ಪು ಬೆಳೆಯುತ್ತಿದ್ದಾರೆ. ಅವರಿಂದ ಶುಲ್ಕ ಬರುತ್ತದೆ ಎಂದು ಯೋಜನಾ ವರದಿಯಲ್ಲಿ ಬರೆದರೆ ಆ ಲೆಕ್ಕ ಕಾಗದದಲ್ಲೇ ಉಳಿಯುತ್ತದೆ. ಅಂಥ ಊರುಗಳಿಗೆ ನಡೆಸುವ ಖರ್ಚಿನ ಒಂದು ಪಾಲನ್ನು ರಾಜ್ಯವೇ ಹೊರಬೇಕು, ಘಟಕ ಕಟ್ಟಿದ್ದಕ್ಕಲ್ಲ, ಹೊರಬಂದ ನೀರಿನ ಗುಣಮಟ್ಟ ನೋಡಿ ಹಣ ಕೊಡಬೇಕು. ಹಾಗೆ ಮಾಡಿದರೆ ಬ್ಲೋವರ್ ಆಫ್ ಮಾಡಿ ಉಳಿಸುವ ಆಸೆ ಪುರಸಭೆಗೆ ಇರುವುದಿಲ್ಲ.

ಸ್ವಚ್ಛ ಭಾರತ್ ಮಿಷನ್ ನಗರ 2.0ಕ್ಕೆ ಇಟ್ಟುಕೊಂಡ ಅವಧಿ ಐದು ವರ್ಷ, 2026ಕ್ಕೆ ಮುಗಿಯುವಂಥದ್ದು. ಅದರ ಹಣದಲ್ಲಿ ಕಟ್ಟಿದ ಘಟಕಗಳು ಒಂದೊಂದಾಗಿ ಪುರಸಭೆಗಳ ಕೈಗೆ ಬರುತ್ತವೆ. ನಿಮ್ಮ ಊರಿನ ಘಟಕ ಎಷ್ಟು ಎಂಎಲ್‌ಡಿ ಎಂದು ಉದ್ಘಾಟನೆಯ ಫಲಕದಲ್ಲಿ ಬರೆದಿರುತ್ತದೆ. ಅದಕ್ಕಿಂತ ಮುಖ್ಯವಾದದ್ದು ಬೇರೆ: ದಿನಕ್ಕೆ ಎಷ್ಟು ನೀರು ಒಳಬರುತ್ತಿದೆ, ಹೊರಹೋಗುವ ನೀರಿನ ಬಿಒಡಿ ಎಷ್ಟು, ಎಷ್ಟು ಮನೆ ಸೇರಿವೆ, ಕಳೆದ ತಿಂಗಳ ಕರೆಂಟ್ ಬಿಲ್ ಕಟ್ಟಿದ್ದಾರೆಯೇ. ಪುರಸಭೆಯ ಮುಂದಿನ ಬಜೆಟ್ ಸಭೆಯಲ್ಲಿ ಘಟಕದ ನಿರ್ವಹಣೆಗೆ ಎಂದು ಬೇರೆ ಸಾಲು ಇದೆಯೇ ಎಂದು ನಿಮ್ಮ ವಾರ್ಡ್ ಸದಸ್ಯರನ್ನು ಕೇಳಿ. ಆ ಸಾಲಿನಲ್ಲಿ ಹಣವಿಲ್ಲದ ಊರಲ್ಲಿ, ಗುತ್ತಿಗೆದಾರನ ನಿರ್ವಹಣಾ ಅವಧಿ ಮುಗಿದ ಕೂಡಲೇ ಘಟಕ ನಿಲ್ಲುವ ಸಾಧ್ಯತೆಯೇ ಹೆಚ್ಚು.